ಇವೊ, ಎಸ್‌ಟಿಐ ಬಿಟ್ಟುಹೋದ ಜಾಗಕ್ಕೆ ಬರುವ ಎಡಬ್ಲ್ಯುಡಿ (ನಾಲ್ಕೂ ಚಕ್ರಕ್ಕೆ ಬಲ ಹೋಗುವ) ಟರ್ಬೊ ಸೆಡಾನ್‌ಗಳು: ಸ್ಪೆಕ್ ಶೀಟ್‌ನಲ್ಲಿ ಮೊದಲು ಯಾವ ಸಾಲು ಓದಬೇಕು?

ಹಿಂದಿನ_ಆಕ್ಸಲ್

ಮಿತ್ಸುಬಿಷಿಯ ಲ್ಯಾನ್ಸರ್ ಇವೊ 1992ರಲ್ಲಿ ಹುಟ್ಟಿ, ಹತ್ತು ಆವೃತ್ತಿ ಕಂಡು, ಫೈನಲ್ ಎಡಿಷನ್ ಜೊತೆಗೆ ಮುಗಿಯಿತು. ಸುಬಾರು 2022ರ ಮಾರ್ಚಿನಲ್ಲಿ, ತನ್ನ ಡಬ್ಲ್ಯುಆರ್‌ಎಕ್ಸ್ ಸೆಡಾನ್‌ನ ಹೊಸ ಪ್ಲಾಟ್‌ಫಾರ್ಮ್ ಮೇಲೆ, ಅದರ ಹೆಚ್ಚು ಬಲದ ಆವೃತ್ತಿಯಾದ ಎಸ್‌ಟಿಐಯನ್ನು ಪೆಟ್ರೋಲ್‌ನಲ್ಲಿ ಮಾಡುವುದಿಲ್ಲ ಎಂದು ಹೇಳಿತು. ಟೊಯೊಟಾದ ಜಿಆರ್ ಕೊರೊಲ್ಲಾ ಆ ಜಾಗದ ಹತ್ತಿರಕ್ಕೆ ಬಂದಿದೆ, ಆದರೆ ಅದು ಹ್ಯಾಚ್‌ಬ್ಯಾಕ್. ಆಡಿಯ ಆರ್‌ಎಸ್3 ಸೆಡಾನ್, ಮರ್ಸಿಡಿಸ್-ಎಎಂಜಿಯ ಸಿಎಲ್‌ಎ 45 ಎಸ್ ಎರಡೂ ಬೇರೆ ಅಂತಸ್ತಿನ ಕಾರುಗಳು. ಹಾಗಾಗಿ ಒಂದು ಮೋಟಾರ್ ಶೋ ಹತ್ತಿರ ಬಂದರೆ ಸಾಕು, ‘ಈ ಸಲ 400 ಎಚ್‌ಪಿ ಸೆಡಾನ್ ಬರುತ್ತಂತೆ’ ಎಂಬ ಸುದ್ದಿ ಹಬ್ಬುತ್ತದೆ.

ವದಂತಿಗಳನ್ನು ಇಲ್ಲಿ ಬಿಟ್ಟುಬಿಡೋಣ. ಸ್ಪೆಕ್ ಶೀಟ್ ಕೈಗೆ ಸಿಕ್ಕ ದಿನ ಯಾವುದನ್ನು ಮೊದಲು ಓದಬೇಕು ಅನ್ನುವುದು ಚರ್ಚೆಯ ವಿಷಯ. ನಾನು ಮೊದಲು ನೋಡುವುದು ಹಿಂದಿನ ಆಕ್ಸಲ್ (ಹಿಂದಿನ ಎರಡು ಚಕ್ರಗಳಿಗೆ ಬಲ ಮುಟ್ಟಿಸುವ ಭಾಗ), ಅದಾದ ಮೇಲೆ ಕೂಲಿಂಗ್, ಆಮೇಲೆ ತೂಕ. ಎಚ್‌ಪಿ ಕೊನೆಗೆ.

ಯಾಕೆಂದರೆ ‘ಆಲ್ ವೀಲ್ ಡ್ರೈವ್’ ಅನ್ನುವ ಒಂದೇ ಹೆಸರಿನ ಅಡಿಯಲ್ಲಿ ಮೂರು ಬೇರೆ ಬೇರೆ ಯಂತ್ರಗಳು ಅಡಗಿವೆ. ಒಂದನೆಯದು, ನಡುವೆ ನಿಜವಾದ ಸೆಂಟರ್ ಡಿಫರೆನ್ಷಿಯಲ್ (ಡಿಫ್) ಇರುವುದು, ಅಂದರೆ ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ವೇಗದಲ್ಲಿ ತಿರುಗಲು ಬಿಟ್ಟು ಬಲ ಹಂಚುವ ಗೇರ್ ಜೋಡಣೆ. ಎಸ್‌ಟಿಐನ ಸೆಂಟರ್ ಡಿಫ್ ಆದ ಡಿಸಿಸಿಡಿ, ಟಾರ್ಕನ್ನು (ತಿರುಗಿಸುವ ಬಲವನ್ನು) ಮುಂದಕ್ಕೂ ಹಿಂದಕ್ಕೂ 41:59 ಅನುಪಾತದಲ್ಲಿ ಹಂಚುತ್ತಿತ್ತು. ಇವೊದಲ್ಲಿ 2001ರ ಏಳನೇ ಆವೃತ್ತಿಯಿಂದ 50:50 ಸೆಂಟರ್ ಡಿಫ್‌ಗೆ ಹೈಡ್ರಾಲಿಕ್ ಕ್ಲಚ್ ಸೇರಿಸಿ ಎಸಿಡಿ ಎಂದು ಕರೆದರು. ಎರಡನೆಯದು, ಇಂಜಿನ್ ಅಡ್ಡ ಕೂತ ಮುಂಚಕ್ರದ ಕಾರಿಗೆ ಹಿಂದೆ ಒಂದು ಕ್ಲಚ್ ಕಪ್ಲಿಂಗ್ (ಬೇಕಾದಾಗ ಹಿಂದಿನ ಚಕ್ರಗಳಿಗೆ ಬಲ ಬಿಡುವ ಕೊಂಡಿ) ಜೋಡಿಸುವುದು. ಮೂರನೆಯದು, ಹಿಂದೆ ಡಿಫ್ ಅನ್ನೇ ತೆಗೆದುಹಾಕಿ ಎಡಕ್ಕೊಂದು, ಬಲಕ್ಕೊಂದು ಕ್ಲಚ್ ಇಡುವುದು. ಆರ್‌ಎಸ್3ರ ಟಾರ್ಕ್ ಸ್ಪ್ಲಿಟರ್ ಇದೇ ಜಾತಿ. ಹಿಂದಕ್ಕೆ ಬಂದ ಟಾರ್ಕ್ ಅಷ್ಟನ್ನೂ ಒಂದೇ ಚಕ್ರಕ್ಕೆ ಕೊಡಬಲ್ಲದು, ಒಂದು ಚಕ್ರಕ್ಕೆ 1,750 ನ್ಯೂಟನ್ ಮೀಟರ್‌ವರೆಗೆ.

ಹೊಸ ಕಾರು ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ, ತಿರುವಿನಲ್ಲಿ ಅದರ ಸ್ವಭಾವ ಹೇಗಿರುತ್ತದೆ ಎಂದು ಅರ್ಧ ಹೇಳಿಬಿಡಬಹುದು.

ಬಾಕ್ಸರ್_ನಾಲ್ಕು

ಒಪ್ಪಿದೆ, ಆದರೆ ಎಚ್‌ಪಿಯನ್ನು ಕೊನೆಗೆ ತಳ್ಳಿದ್ದು ಸರಿಯಲ್ಲ. ಎಚ್‌ಪಿಯನ್ನು ಸಿಸಿಯಿಂದ ಭಾಗಿಸಿ ನೋಡಿ, ಇಂಜಿನ್ ಎಷ್ಟು ಬಿಗಿಯಾಗಿ ದುಡಿಯುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಈಗಿನ ಡಬ್ಲ್ಯುಆರ್‌ಎಕ್ಸ್‌ನ ಎಫ್‌ಎ24 ಎಂಜಿನ್ 2,387 ಸಿಸಿಗೆ 271 ಎಚ್‌ಪಿ, ಅಂದರೆ ಲೀಟರಿಗೆ ಸುಮಾರು 113. ಆರ್‌ಎಸ್3ರ ಐದು ಸಿಲಿಂಡರಿನಲ್ಲಿ 2,480 ಸಿಸಿಗೆ 400 ಪಿಎಸ್ (ಮೆಟ್ರಿಕ್ ಎಚ್‌ಪಿ), ಲೀಟರಿಗೆ 161. ಜಿಆರ್ ಕೊರೊಲ್ಲಾದ ಮೂರು ಸಿಲಿಂಡರ್ 1,618 ಸಿಸಿಗೆ ಜಪಾನ್ ಲೆಕ್ಕದಲ್ಲಿ 304 ಪಿಎಸ್, ಲೀಟರಿಗೆ 188. ಸಿಎಲ್‌ಎ 45 ಎಸ್‌ನ ಎಂ139 ಇಂಜಿನ್ ಬರೀ 1,991 ಸಿಸಿಗೆ 421 ಪಿಎಸ್, ಲೀಟರಿಗೆ 211.

ಕಂಪನಿ ಲೀಟರಿಗೆ 113ರಲ್ಲಿ ನಿಲ್ಲಿಸಿದರೆ ಎರಡು ಅರ್ಥ ಇರಬಹುದು. ಒಂದೋ ಇಂಜಿನ್ನಿನಲ್ಲಿ ಇನ್ನೂ ಜಾಗ ಬಿಟ್ಟಿದ್ದಾರೆ, ಇಲ್ಲವೇ ಗೇರ್‌ಬಾಕ್ಸ್ ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ.

ಗೇರುಗಾರ

ಬಾಕ್ಸರ್_ನಾಲ್ಕು ಅವರೇ, ನಿಮ್ಮ ಕೊನೆಯ ಮಾತೇ ಮುಖ್ಯ. ಎಷ್ಟೋ ಸಲ ಇಂಜಿನ್ನಿಗೆ ಬೇಲಿ ಹಾಕುವುದು ಗೇರ್‌ಬಾಕ್ಸ್. ಆಡಿ ಎಸ್3, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್ ಎರಡೂ 420 ನ್ಯೂಟನ್ ಮೀಟರ್‌ಗೆ ಬಂದು ನಿಂತಿವೆ. ಅವುಗಳಲ್ಲಿರುವ ಏಳು ಗೇರಿನ ಡಿಕ್ಯು381 ಬಾಕ್ಸಿನ ಮಿತಿ ಅದರ ಆಸುಪಾಸಿನಲ್ಲೇ ಇದೆ. ಆರ್‌ಎಸ್3ಗೆ 500 ನ್ಯೂಟನ್ ಮೀಟರ್ ಕೊಡಲು ಆಗಿದ್ದು ದೊಡ್ಡ ಡಿಕ್ಯು500 ಬಾಕ್ಸ್ ಹಾಕಿದ್ದರಿಂದ.

ಆದ್ದರಿಂದ ಹೊಸ ಸೆಡಾನ್ ಬಂದಾಗ ಟಾರ್ಕ್ ಗ್ರಾಫ್ ಗಮನಿಸಿ. ಪರ್ವತದ ಹಾಗೆ ಏರಿ ಇಳಿಯುವ ಬದಲು 2,000ದಿಂದ 5,000 ಆರ್‌ಪಿಎಂವರೆಗೆ ಮೇಜಿನ ಹಾಗೆ ಸಪಾಟಾಗಿದ್ದರೆ, ಅಲ್ಲಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೂಸ್ಟನ್ನು, ಅಂದರೆ ಟರ್ಬೊ ಒತ್ತಡವನ್ನು, ಕಟ್ಟಿ ಹಿಡಿದಿದೆ ಎಂದರ್ಥ. ಕಟ್ಟಿದ್ದು ಬಹುಪಾಲು ಗೇರ್‌ಬಾಕ್ಸಿನ ಸಲುವಾಗಿ. ಆಮೇಲೆ ಇಸಿಯು ಸಾಫ್ಟ್‌ವೇರ್ ಬದಲಿಸಿ ರೀಮ್ಯಾಪ್ ಮಾಡಿಸುವವರು ಮುರಿಯುವುದು ಆ ಬೇಲಿಯನ್ನೇ. ಮೊದಲು ಕ್ಲಚ್ ಜಾರುತ್ತದೆ, ನಂತರ ಮೂರನೇ ಗೇರಿನ ಹಲ್ಲು ಹೋಗುತ್ತದೆ.

ಮ್ಯಾನುಯಲ್ ಬರುತ್ತದೆಯೇ ಅನ್ನುವುದೂ ಈ ಲೆಕ್ಕದ ಮೇಲೇ ನಿಂತಿದೆ. ಹಳೆಯ ಎಸ್‌ಟಿಐನ ಆರು ಗೇರಿನ ಬಾಕ್ಸ್ ಅಷ್ಟು ಗಟ್ಟಿ ಇತ್ತು ಅಂತಲೇ, ಐದು ಗೇರಿನ ಡಬ್ಲ್ಯುಆರ್‌ಎಕ್ಸ್‌ಗೆ ಅದನ್ನು ಕೂರಿಸುವ ಪರಿಪಾಠ ಬೆಳೆಯಿತು.

ಹಿಂದಿನ_ಆಕ್ಸಲ್

ಕಪ್ಲಿಂಗ್ ಬಗ್ಗೆ ಇನ್ನೊಂದಿಷ್ಟು ಹೇಳಬೇಕು, ತಪ್ಪು ತಿಳಿವಳಿಕೆ ಹೆಚ್ಚಿರುವುದು ಇಲ್ಲೇ.

ಜಾಹೀರಾತಿನಲ್ಲಿ ‘70 ಪರ್ಸೆಂಟ್ ಹಿಂದಕ್ಕೆ’ ಅಂತ ಬರೆದಿರುತ್ತಾರೆ. ಸಾಮಾನ್ಯ ಕಪ್ಲಿಂಗ್ ಪೂರ್ತಿ ಬಿಗಿದರೆ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗುತ್ತವೆ, ಅಷ್ಟೆ. ಆಮೇಲೆ ಟಾರ್ಕ್ ಹಂಚಿಕೆ ತೀರ್ಮಾನ ಆಗುವುದು ಯಾವ ಟೈರಿಗೆ ಹಿಡಿತ ಇದೆ ಎಂಬುದರ ಮೇಲೆ. ಹಿಂದಿನ ಚಕ್ರಗಳೇ ಕಾರನ್ನು ತಳ್ಳಬೇಕೆಂದರೆ, ಹಿಂದಿನ ಆಕ್ಸಲ್‌ನ ಗೇರ್ ಅನುಪಾತವನ್ನು ಮುಂದಿನದಕ್ಕಿಂತ ಒಂದು ಚೂರು ವೇಗವಾಗಿ ಇಡಬೇಕು. 2016ರ ಫೋರ್ಡ್ ಫೋಕಸ್ ಆರ್‌ಎಸ್‌ನಲ್ಲಿ ಇದು 1.8 ಪರ್ಸೆಂಟ್ ಇತ್ತು.

ಆದರೆ ಈ ಉಪಾಯಕ್ಕೆ ಬೆಲೆ ತೆರಬೇಕು, ಬೆಲೆ ಬಿಸಿಯ ರೂಪದಲ್ಲಿ ಬರುತ್ತದೆ. ಲೆಕ್ಕ ಹಾಕಿ ನೋಡಿ. 100 ಕಿ.ಮೀ ವೇಗದಲ್ಲಿ, 32 ಸೆಂ.ಮೀ ತ್ರಿಜ್ಯದ ಚಕ್ರ ಸೆಕೆಂಡಿಗೆ ಸುಮಾರು 87 ರೇಡಿಯನ್ ತಿರುಗುತ್ತದೆ. ಅದರ 1.8 ಪರ್ಸೆಂಟ್ ಅಂದರೆ 1.56 ರೇಡಿಯನ್. ಹಿಂದಿನ ಎರಡೂ ಚಕ್ರಗಳಿಗೆ ಒಟ್ಟು 1,500 ನ್ಯೂಟನ್ ಮೀಟರ್ ಹೋಗುತ್ತಿದ್ದರೆ, ಕ್ಲಚ್ ಜಾರುವುದರಿಂದಲೇ 2.3 ಕಿಲೋವ್ಯಾಟ್ ಬಿಸಿ. ಬಚ್ಚಲಮನೆಯ ಗೀಸರ್ ಒಂದನ್ನು ಹಿಂದಿನ ಡಿಫ್ ಡಬ್ಬಿಯೊಳಗೆ ಹಚ್ಚಿಟ್ಟ ಹಾಗೆ, ಅದೂ ಒಂದು ಲೀಟರ್ ಆಸುಪಾಸಿನ ಎಣ್ಣೆಯಲ್ಲಿ. ಎಣ್ಣೆ ಕಾದಾಗ ಇಸಿಯು ಕ್ಲಚ್ ಸಡಿಲ ಬಿಡುತ್ತದೆ, ಕಾರು ಮತ್ತೆ ಮುಂಚಕ್ರದ ಕಾರಾಗುತ್ತದೆ.

ಹಾಗಾಗಿ ಹೊಸ ಸೆಡಾನ್‌ಗೆ ‘ಡ್ರಿಫ್ಟ್ ಮೋಡ್’ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಹಿಂದಿನ ಯೂನಿಟ್ಟಿಗೆ ಆಯಿಲ್ ಕೂಲರ್ ಅಥವಾ ಕನಿಷ್ಠ ರೆಕ್ಕೆಗಳಿರುವ ಕವಚ ಇದೆಯೇ ಎಂದು ಕೇಳಿ. ಸೆಂಟರ್ ಡಿಫ್ ಇರುವ ಹಳೆಯ ಇವೊ, ಎಸ್‌ಟಿಐಗಳಲ್ಲಿ ಟಾರ್ಕ್ ಹಿಂದಕ್ಕೆ ಹೋಗಲು ಕ್ಲಚ್ ಜಾರಲೇಬೇಕೆಂಬ ನಿಯಮ ಇರಲಿಲ್ಲ. ನನ್ನ ಮಟ್ಟಿಗೆ ಆ ವಿನ್ಯಾಸವೇ ಈಗಲೂ ಮೇಲು. ಯಾರಾದರೂ ಅದನ್ನು ಮತ್ತೆ ತಂದರೆ, ಎಚ್‌ಪಿ 300 ಇದ್ದರೂ ಸಾಕು ಎನ್ನುತ್ತೇನೆ.

ಹೊಸ_ಕೀಲಿ

ಒಂದು ಪ್ರಶ್ನೆ ಸರ್. ಕಪ್ಲಿಂಗ್ ಎಣ್ಣೆ ‘ಲೈಫ್‌ಟೈಮ್’ ಅಂತ ಕೆಲವರು ಹೇಳುತ್ತಾರೆ. ಬದಲಿಸಬೇಕೇ?

ಗೇರುಗಾರ

ಬದಲಿಸಲೇಬೇಕು. ಕ್ಲಚ್ ಪ್ಲೇಟ್ ಸವೆದ ಪುಡಿ ಎಲ್ಲಿಗೂ ಹೋಗುವುದಿಲ್ಲ, ಅದೇ ಎಣ್ಣೆಯಲ್ಲೇ ಇರುತ್ತದೆ. ಐದನೇ ತಲೆಮಾರಿನ ಹಾಲ್ಡೆಕ್ಸ್ ಕಪ್ಲಿಂಗ್‌ನಲ್ಲಿ ಬದಲಿಸಬಹುದಾದ ಫಿಲ್ಟರನ್ನೇ ತೆಗೆದುಬಿಟ್ಟರು, ಪಂಪ್ ಬಾಯಲ್ಲಿ ಒಂದು ಸಣ್ಣ ಜಾಲರಿ ಮಾತ್ರ ಉಳಿಯಿತು. ಎಣ್ಣೆ ಮಾತ್ರ ಬದಲಿಸಿ ಪಂಪ್ ಬಿಚ್ಚದೆ ಕಳಿಸಿದರೆ ಆ ಜಾಲರಿ ಕಟ್ಟಿಕೊಂಡೇ ಇರುತ್ತದೆ. ಪಂಪ್ ಒಣಗಿ ತಿಣುಕಿ, ಮೋಟಾರ್ ಸುಡುತ್ತದೆ. ಎಷ್ಟೋ ಸಲ ಡ್ಯಾಶ್‌ಬೋರ್ಡಿನಲ್ಲಿ ದೀಪವೂ ಬರುವುದಿಲ್ಲ, ಮುಂದಿನ ಚಕ್ರ ಸುಮ್ಮನೆ ಸುತ್ತಿದಾಗಲೇ ಗೊತ್ತಾಗುವುದು.

ಕೆಲಸದ ಕ್ರಮ ಹೀಗೆ. ಕಾರು ಸಮತಟ್ಟಾಗಿ ಎತ್ತಿ ನಿಲ್ಲಿಸಿ. ಮೊದಲು ತುಂಬುವ ಬೋಲ್ಟ್ ಬಿಚ್ಚುತ್ತದೆಯೇ ನೋಡಿ, ಅದು ಜಾಮ್ ಆಗಿದ್ದರೆ ಎಣ್ಣೆ ಇಳಿಸಬೇಡಿ. ಎಣ್ಣೆ ಇಳಿಸಿ, ಪಂಪ್ ಬಿಚ್ಚಿ, ಜಾಲರಿಯನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು ಒಣಗಿಸಿ. ಓ-ರಿಂಗ್ ಹೊಸದೇ ಹಾಕಿ. ತುಂಬುವ ತೂತಿನಿಂದ ಎಣ್ಣೆ ಹೊರಚೆಲ್ಲುವವರೆಗೆ ತುಂಬಿ. ಕೊನೆಯಲ್ಲಿ ಡಯಾಗ್ನೋಸ್ಟಿಕ್ ಟೂಲ್‌ನಿಂದ ಪಂಪ್ ಓಡಿಸಿ, ಮಟ್ಟ ಮತ್ತೊಮ್ಮೆ ನೋಡಿ. ಮೂರು ವರ್ಷಕ್ಕೊಮ್ಮೆ ಸಾಕು, ಟ್ರ್ಯಾಕ್‌ಗೆ ಹೋಗುವ ಕಾರಾದರೆ ವರ್ಷಕ್ಕೊಮ್ಮೆ.

ಹೊಸ ಸೆಡಾನ್‌ನ ಸರ್ವಿಸ್ ಪಟ್ಟಿಯಲ್ಲಿ ಈ ಸಾಲು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ನೀವೇ ಬರೆದುಕೊಳ್ಳಿ.

ಬಿಸಿಗಾಳಿ

ಕೂಲಿಂಗ್ ಮಾತು ಬಂತಲ್ಲ, ಇಂಜಿನ್ ಕಡೆಯ ಬಿಸಿಯನ್ನೂ ಲೆಕ್ಕ ಹಾಕೋಣ. 1.2 ಬಾರ್ ಬೂಸ್ಟ್ ಅಂದರೆ ಸಮುದ್ರಮಟ್ಟದಲ್ಲಿ ಗಾಳಿಯನ್ನು ಸುಮಾರು 2.2 ಪಟ್ಟು ಒತ್ತುವುದು. ಕಂಪ್ರೆಸರ್ ದಕ್ಷತೆ 72 ಪರ್ಸೆಂಟ್ ಇದ್ದರೆ, 30 ಡಿಗ್ರಿಯಲ್ಲಿ ಒಳಹೋದ ಗಾಳಿ 136 ಡಿಗ್ರಿಯಾಗಿ ಹೊರಬರುತ್ತದೆ. ಇಂಟರ್‌ಕೂಲರ್ ಅದರಲ್ಲಿ ಮುಕ್ಕಾಲು ಪಾಲು ಬಿಸಿ ತೆಗೆದರೂ ಇಂಜಿನ್ನಿಗೆ ಹೋಗುವುದು 56 ಡಿಗ್ರಿ ಗಾಳಿ.

ಈಗ ಅದೇ ಕಾರನ್ನು 1,500 ಮೀಟರ್ ಎತ್ತರಕ್ಕೆ ಒಯ್ಯಿರಿ. ಹೊರಗಿನ ಒತ್ತಡ 0.845 ಬಾರ್‌ಗೆ ಇಳಿದಿರುತ್ತದೆ. ಸಿಲಿಂಡರಿಗೆ ಅದೇ ಒತ್ತಡ ಮುಟ್ಟಿಸಬೇಕಾದರೆ ಟರ್ಬೊ 2.6 ಪಟ್ಟು ಒತ್ತಬೇಕು. ಗಾಳಿ ಅದೇ 30 ಡಿಗ್ರಿ ಇದ್ದರೂ ಹೊರಬರುವುದು 160 ಡಿಗ್ರಿ ದಾಟುತ್ತದೆ. ಸಣ್ಣ ಟರ್ಬೊ ಹಾಕಿ 1,800 ಆರ್‌ಪಿಎಂಗೇ ಪೂರ್ತಿ ಟಾರ್ಕ್ ಅಂತ ಹೇಳಿಕೊಳ್ಳುವ ಕಾರುಗಳು ಇಲ್ಲಿ ಸುಸ್ತಾಗುತ್ತವೆ.

ಇಂಟರ್‌ಕೂಲರ್ ಎಲ್ಲಿದೆ ಅನ್ನುವುದು ಇದಕ್ಕೇ ಮುಖ್ಯ. ಸುಬಾರುವಿನಲ್ಲಿ ಇಂಜಿನ್ ಮೇಲೆ, ಬಾನೆಟ್ ಸ್ಕೂಪ್ ಕೆಳಗೆ. ಪೈಪ್ ಗಿಡ್ಡ, ಸ್ಪಂದನೆ ಚುರುಕು. ಆದರೆ ನಿಂತಲ್ಲಿ ಇಂಜಿನ್ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಇವೊದಲ್ಲಿ ಬಂಪರ್ ಹಿಂದೆ, ನೇರ ಗಾಳಿಗೆ. ಹೊಸ ಕಾರಿನ ಟೆಸ್ಟ್ ರೈಡ್‌ನಲ್ಲಿ ಓಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಅಂಕಿ ಓದುವ ಸಾಧನ) ಸಿಕ್ಕಿಸಿ ಇಂಟೇಕ್ ಗಾಳಿಯ ಉಷ್ಣತೆ ನೋಡಿ. ಹೊರಗಿನದಕ್ಕಿಂತ 15ರಿಂದ 20 ಡಿಗ್ರಿ ಹೆಚ್ಚಿದ್ದರೆ ಚಿಂತೆ ಇಲ್ಲ. ಮೂರು ಸಲ ಪೂರ್ತಿ ಎಳೆದ ಮೇಲೆ 35–40 ಹೆಚ್ಚಾಗಿ, ಕಾರು ಓಡುತ್ತಿದ್ದರೂ ಕೆಳಗಿಳಿಯಲು ನಿಮಿಷಗಟ್ಟಲೆ ಹಿಡಿದರೆ ಆ ಇಂಟರ್‌ಕೂಲರ್ ಸಾಲದು. ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆಳೆಯುತ್ತದೆ, ಬ್ರೋಷರಿನ ಎಚ್‌ಪಿ ಬ್ರೋಷರಿನಲ್ಲೇ ಉಳಿಯುತ್ತದೆ.

ಪೆಟ್ರೋಲಿನ ಆಕ್ಟೇನ್ ವಿಷಯವೂ ಹೀಗೆಯೇ. ಮಜ್ದಾ3 ಟರ್ಬೊಗೆ ಅಮೆರಿಕದಲ್ಲಿ 93 ಆಕ್ಟೇನ್‌ನಲ್ಲಿ 250 ಎಚ್‌ಪಿ, 87ರಲ್ಲಿ 227 ಎಂದು ಕಂಪನಿಯೇ ಹೇಳುತ್ತದೆ. ಆ ಪ್ರಾಮಾಣಿಕತೆ ಎಲ್ಲರಿಗೂ ಬರಲಿ. ಅಂದಹಾಗೆ ಅದು ಆಕ್ಟೇನ್ ಅಳೆಯುವ ಅಲ್ಲಿಯ ಎಕೆಐ ಲೆಕ್ಕ. ಅವರ 93 ಅಂದರೆ ಬೇರೆ ಕಡೆ ಬಳಸುವ ಆರ್‌ಒಎನ್ ಲೆಕ್ಕದಲ್ಲಿ 98ರ ಹತ್ತಿರ. ಎರಡು ದೇಶದ ಅಂಕಿ ಹೋಲಿಸುವಾಗ ಇದನ್ನು ಮರೆಯಬೇಡಿ.

ಬಾಕ್ಸರ್_ನಾಲ್ಕು

ಪೆಟ್ರೋಲನ್ನು ನೇರ ಸಿಲಿಂಡರಿಗೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಮಾತ್ರ ಇದೆಯೇ, ವಾಲ್ವಿಗೆ ಮುಂಚೆಯೇ ಸಿಂಪಡಿಸುವ ಪೋರ್ಟ್ ಇಂಜೆಕ್ಷನ್ನೂ ಇದೆಯೇ ಅನ್ನುವುದನ್ನು ಸೇರಿಸಿಕೊಳ್ಳಿ. ಡೈರೆಕ್ಟ್ ಮಾತ್ರ ಇದ್ದರೆ ಇಂಟೇಕ್ ವಾಲ್ವಿನ ಬೆನ್ನಿಗೆ ಪೆಟ್ರೋಲ್ ತಾಕುವುದೇ ಇಲ್ಲ, ಎಣ್ಣೆಯ ಆವಿ ಅಲ್ಲಿ ಕಪ್ಪಗೆ ಗಟ್ಟಿಯಾಗುತ್ತದೆ. ಆಗ ಮ್ಯಾನಿಫೋಲ್ಡ್ ಬಿಚ್ಚಿ ಆಕ್ರೋಟಿನ ಚಿಪ್ಪಿನ ಪುಡಿ ಹೊಡೆಸಿ ಉದುರಿಸುವುದೊಂದೇ ದಾರಿ. ಜಿಆರ್ ಕೊರೊಲ್ಲಾದಲ್ಲಿ ಎರಡೂ ಇಂಜೆಕ್ಷನ್ ಇದೆ. ಎಫ್‌ಎ24 ಟರ್ಬೊದಲ್ಲಿ ಡೈರೆಕ್ಟ್ ಮಾತ್ರ.

ಇಂಜಿನ್ ಎಣ್ಣೆಗೆ ಬಂದರೆ, ಎಪಿಐ ಎಸ್‌ಪಿ ದರ್ಜೆಗಿಂತ ಕಡಿಮೆಯದು ಬೇಡವೇ ಬೇಡ. ಕಡಿಮೆ ಆರ್‌ಪಿಎಂನಲ್ಲಿ ಆರನೇ ಗೇರ್ ಹಾಕಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಎಣ್ಣೆಯ ಹನಿ ಸ್ಪಾರ್ಕಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ಒಡೆಯುವುದುಂಟು. ಅದನ್ನು ತಡೆಯುವ ಪರೀಕ್ಷೆ ಈ ದರ್ಜೆಯಲ್ಲಿ ಸೇರಿದೆ. 2,500 ಆರ್‌ಪಿಎಂ ಒಳಗೆ ಪೂರ್ತಿ ಒತ್ತಬೇಡಿ, ಗೇರ್ ಇಳಿಸಿ.

ಡಿಸ್ಕು_ಪ್ಯಾಡು

ತೂಕದ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. 1,600 ಕಿಲೋ ಕಾರು 200 ಕಿ.ಮೀ ವೇಗದಿಂದ 80ಕ್ಕೆ ಇಳಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 2 ಮೆಗಾಜೂಲ್. ಅದರಲ್ಲಿ 70 ಪರ್ಸೆಂಟ್ ಮುಂದಿನ ಡಿಸ್ಕುಗಳಿಗೆ. ಡಿಸ್ಕು ಒಂದಕ್ಕೆ 10 ಕಿಲೋ ಇದ್ದರೆ, ಒಂದೇ ಬ್ರೇಕಿಗೆ ಉಷ್ಣತೆ 150 ಡಿಗ್ರಿ ಏರುತ್ತದೆ. ಮುಂದಿನ ತಿರುವಿನೊಳಗೆ ಅಷ್ಟೂ ಆರಬೇಕು. ಹಳೆಯ ಡಾಟ್ 4 ಬ್ರೇಕ್ ಫ್ಲೂಯಿಡ್ ತೇವ ಹೀರಿದ ಮೇಲೆ ಅದರ ಕನಿಷ್ಠ ಕುದಿಬಿಂದು 155 ಡಿಗ್ರಿ. ಕ್ಯಾಲಿಪರ್ ಅಲ್ಲಿಗೆ ತಲುಪಿದರೆ ಪೆಡಲ್ ನೆಲಕ್ಕಿಳಿಯುತ್ತದೆ. ತೂಕ ನೂರು ಕಿಲೋ ಹೆಚ್ಚಾದರೆ ಇದೆಲ್ಲ ಆರು ಪರ್ಸೆಂಟ್ ಹೆಚ್ಚು.

ಅದಕ್ಕೇ ಹೈಬ್ರಿಡ್ ಸೆಡಾನ್‌ಗಳ ಬಗ್ಗೆ ನನಗೆ ಅಳುಕು. ಮರ್ಸಿಡಿಸ್-ಎಎಂಜಿಯ ಸಿ 63 ಎಸ್ ಇ ಪರ್ಫಾರ್ಮೆನ್ಸ್ ನೋಡಿ. ಎರಡು ಲೀಟರ್ ಟರ್ಬೊ, ಹಿಂದಿನ ಆಕ್ಸಲ್‌ಗೆ ಮೋಟಾರ್, ಒಟ್ಟು 680 ಪಿಎಸ್. ಬ್ಯಾಟರಿ ಬರೀ 6.1 ಕಿಲೋವ್ಯಾಟ್ ಅವರ್. ಆದರೂ ತೂಕ 2,100 ಕಿಲೋ ದಾಟಿತು.

ಹಿಂದಿನ_ಆಕ್ಸಲ್

ಹೈಬ್ರಿಡ್ ಅಂದ ಕೂಡಲೇ ತಳ್ಳಿಹಾಕಬೇಡಿ ಸರ್. ಮೋಟಾರ್ ಹಿಂದಿದ್ದರೆ ಟರ್ಬೊ ಎಚ್ಚೆತ್ತುಕೊಳ್ಳುವ ಮುಂಚಿನ ಅರ್ಧ ಸೆಕೆಂಡನ್ನು ಅದು ತುಂಬಿಕೊಡುತ್ತದೆ. ಬೂಸ್ಟ್ ಏರುವವರೆಗೆ ಮಾತ್ರ ಸಹಾಯ ಬೇಕಾದರೆ ಬ್ಯಾಟರಿ 1 ಕಿಲೋವ್ಯಾಟ್ ಅವರ್ ಇದ್ದರೂ ಸಾಕು. ತೂಕ ಏರುವುದು ಪ್ಲಗ್‌-ಇನ್ ಮಾಡಿ, ಬರೀ ಕರೆಂಟಿನಲ್ಲಿ ಇಷ್ಟು ಕಿ.ಮೀ ಓಡಬೇಕು ಎಂದು ಹೊರಟಾಗ. ಯುರೋಪಿನ ಹೊಗೆ ನಿಯಮಗಳು ಅವರನ್ನು ಆ ಕಡೆಗೇ ತಳ್ಳುತ್ತಿವೆ.

ಇನ್ನೊಂದು ಮಾತು. ಇವೊ, ಡಬ್ಲ್ಯುಆರ್‌ಎಕ್ಸ್ ಇಬ್ಬರೂ ಹುಟ್ಟಿದ್ದು ಗ್ರೂಪ್ ಎ ರ್‍ಯಾಲಿ ನಿಯಮದಿಂದ. ರ್‍ಯಾಲಿಯಲ್ಲಿ ಓಡಿಸಬೇಕಾದರೆ ಅದೇ ಕಾರನ್ನು ಸಾವಿರಗಟ್ಟಲೆ ಮಾಡಿ ಮಾರಲೇಬೇಕಿತ್ತು. 1997ರಲ್ಲಿ ವರ್ಲ್ಡ್ ರ್‍ಯಾಲಿ ಕಾರ್ ನಿಯಮ ಬಂದ ಮೇಲೆ ಆ ಒತ್ತಡ ಸಡಿಲವಾಯಿತು. ಈಗ ಹೊಸ ಸೆಡಾನ್ ಬಂದರೆ ಅದು ಯಾರೋ ಇಂಜಿನಿಯರುಗಳು ಹಟ ಹಿಡಿದದ್ದರಿಂದ ಬರಬೇಕು. ಹಾಗೆ ಬಂದದ್ದನ್ನು ಎಚ್‌ಪಿ ಅಂಕಿ ಒಂದನ್ನೇ ನೋಡಿ ತೂಗಿದರೆ ಅವರ ಕೆಲಸಕ್ಕೆ ಅನ್ಯಾಯ ಮಾಡಿದ ಹಾಗೆ.

ಹೊಸ_ಕೀಲಿ

ಹೊಸದು ಬರುವವರೆಗೆ ಬಳಸಿದ ಎಸ್‌ಟಿಐ ಅಥವಾ ಇವೊ 10 ನೋಡೋಣ ಎಂದಿದ್ದೇನೆ. ಖರೀದಿಗೆ ಮುಂಚೆ ಏನೇನು ಪರೀಕ್ಷೆ ಮಾಡಿಸಬೇಕು?

ಬಾಕ್ಸರ್_ನಾಲ್ಕು

ಎಸ್‌ಟಿಐ 2.5 ಲೀಟರ್ ಆದರೆ ಮೊದಲ ಅನುಮಾನ ಪಿಸ್ಟನ್ ರಿಂಗ್‌ಗಳ ನಡುವಿನ ಅಂಚು. ಡೆಟೊನೇಷನ್ (ಪೆಟ್ರೋಲ್ ಹದ ತಪ್ಪಿ ಸ್ಫೋಟಿಸುವುದು) ಆದರೆ ಎರಡು ರಿಂಗ್‌ಗಳ ನಡುವೆ ಉಗುರಿನಷ್ಟು ಚೂರು ಮುರಿಯುತ್ತದೆ, ಹೆಚ್ಚಾಗಿ ನಾಲ್ಕನೇ ಸಿಲಿಂಡರಿನಲ್ಲಿ. ಇಂಜಿನ್ ಓಡುತ್ತಲೇ ಇರುತ್ತದೆ. ಐಡಲ್‌ನಲ್ಲಿ ಸಣ್ಣ ನಡುಕ, ಬ್ರೀದರ್ ಪೈಪಿನಿಂದ ಬುಸುಬುಸು ಹೊಗೆ.

ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಫ್ಯುಯಲ್ ಪಂಪ್ ಫ್ಯೂಸ್ ಕಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ ಪ್ರತಿ ಸಿಲಿಂಡರಿಗೆ ಕಂಪ್ರೆಷನ್ (ಒತ್ತಡ) ಮಾಪಕ ಸಿಕ್ಕಿಸಿ ಆರು ಸುತ್ತು ಕ್ರ್ಯಾಂಕ್ ಮಾಡಿಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಹತ್ತು ಪರ್ಸೆಂಟಿಗೂ ಹೆಚ್ಚು ಕಡಿಮೆ ತೋರಿಸಿದರೆ ಲೀಕ್-ಡೌನ್ ಪರೀಕ್ಷೆ ಮಾಡಿಸಿ. ಪಿಸ್ಟನ್ ಮೇಲ್ತುದಿಗೆ ತಂದು, ಪ್ಲಗ್ ತೂತಿನಿಂದ ಗಾಳಿ ಬಿಟ್ಟು ಕಿವಿಗೊಡಿ. ಎಣ್ಣೆ ಹಾಕುವ ಬಾಯಲ್ಲಿ ಬುಸ್ ಎಂದರೆ ರಿಂಗ್, ಸೈಲೆನ್ಸರಿನಲ್ಲಿ ಎಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಡಿಯಲ್ಲಿ ಎಂದರೆ ಇಂಟೇಕ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್.

ಗೇರುಗಾರ

ಇವೊ 10 ಆದರೆ ಸೆಂಟರ್ ಡಿಫ್, ಹಿಂದಿನ ಡಿಫ್ ಎರಡಕ್ಕೂ ಒತ್ತಡ ಕೊಡುವ ಎಸಿಡಿ-ಎವೈಸಿ ಪಂಪ್ ಇರುವ ಹಿಂಭಾಗಕ್ಕೆ ಟಾರ್ಚ್ ಹಿಡಿಯಿರಿ. ಕೆಸರು, ಉಪ್ಪು ಸಿಡಿದು ಅದರ ಅಲ್ಯೂಮಿನಿಯಂ ಮೈ ಬೆಳ್ಳಗೆ ಬೂಷ್ಟು ಹಿಡಿದ ಹಾಗೆ ಪುಡಿಯಾಗುತ್ತದೆ. ಡ್ಯಾಶ್‌ನಲ್ಲಿ ಎಸ್-ಎಡಬ್ಲ್ಯುಸಿ (ಇವೊದ ಎಡಬ್ಲ್ಯುಡಿ ವ್ಯವಸ್ಥೆ) ಎಚ್ಚರಿಕೆ ಆಗಾಗ ಬಂದು ಹೋಗುತ್ತಿದ್ದರೂ ಅದೇ ಕಾರಣ ಇರಬಹುದು.

ಎರಡೂ ಕಾರಿಗೆ ನಾಲ್ಕೂ ಟೈರ್ ಅಳೆಯಿರಿ. ಸುಬಾರು ಹೇಳುವ ಮಿತಿ, ಸುತ್ತಳತೆಯಲ್ಲಿ 6.4 ಮಿ.ಮೀ ವ್ಯತ್ಯಾಸ. ಅದನ್ನು ಪೈಯಿಂದ ಭಾಗಿಸಿದರೆ ವ್ಯಾಸದಲ್ಲಿ 2 ಮಿ.ಮೀ, ಅಂದರೆ ಟೈರಿನ ಗೆರೆಯ ಆಳದಲ್ಲಿ ಬರೀ 1 ಮಿ.ಮೀ. ಒಂದು ಟೈರ್ ಪಂಕ್ಚರ್ ಆಗಿ ಅದೊಂದನ್ನೇ ಹೊಸದು ಹಾಕಿದ್ದರೆ ಸೆಂಟರ್ ಡಿಫ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಉಜ್ಜುತ್ತಲೇ ಇರುತ್ತದೆ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆಯಿರಿ. ಕಾರು ಯಾರೋ ಹಿಡಿದೆಳೆದ ಹಾಗೆ ಜಗ್ಗಿದರೆ ಸೆಂಟರ್ ಡಿಫ್ ಹೋಗಿರಬಹುದು.

ಬಿಸಿಗಾಳಿ

ಹೊಸ ಕಾರುಗಳ ವಿಷಯಕ್ಕೆ ಒಂದನ್ನು ಸೇರಿಸುತ್ತೇನೆ. ಸ್ಪೆಕ್ ಶೀಟಿಗೂ ಮುಂಚೆ ಫೋಟೊ ಬರುತ್ತವೆ. ದೊಡ್ಡದು ಮಾಡಿ ನೋಡಿ. ಬಂಪರಿನ ಜಾಲರಿಯ ಹಿಂದೆ ನಿಜವಾಗಿ ತೂತಿದೆಯೇ, ಕಪ್ಪು ಪ್ಲಾಸ್ಟಿಕ್ ಹಲಗೆಯೇ? ಮುಂದಿನ ಚಕ್ರದ ಒಳಗಡೆ ಬ್ರೇಕಿಗೆ ಗಾಳಿ ತರುವ ದಾರಿ ಇದೆಯೇ? ಟೈರ್ ಅಗಲ 245 ಇದೆಯೇ, 265 ಇದೆಯೇ? ಕಾರನ್ನು ಹಿಂದಿನಿಂದ ಕೆಳಮಟ್ಟದಲ್ಲಿ ತೆಗೆದ ಫೋಟೊ ಸಿಕ್ಕರೆ, ಎಕ್ಸಾಸ್ಟ್ ಪೈಪುಗಳ ನಡುವೆ ಡಿಫ್ ಕವಚ ಕಾಣುತ್ತದೆ. ಅದಕ್ಕೆ ರೆಕ್ಕೆಗಳಿದ್ದರೆ ಇಲ್ಲಿ ಹಾಕಿ, ಮಿಕ್ಕದ್ದನ್ನು ಅಲ್ಲಿಂದ ಮಾತಾಡೋಣ.